ಧನದ ಒಡೆಯನಾರು?

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಇತ್ತೀಚೆಗೆ ನಾಲ್ಕು ಜನ ಸೇರಿದಲ್ಲೆಲ್ಲ ಕೋಟ್ಯಧಿಪತಿಗಳ ಮಾತೇ ಮಾತು. ಒಬ್ಬ ಶ್ರೀಮಂತನ ಮನೆಯ ಮದುವೆಗೆ ಎಷ್ಟು ಕೋಟಿ ವ್ಯಯವಾಯಿತು, ಮತ್ತೊಬ್ಬನ ಮನೆಗೆ ಎಷ್ಟು ಅಂತಸ್ತು ಎಂಬ ಚರ್ಚೆ ಆರಂಭವಾದೊಡನೆ ಕೇಳುವವರಲ್ಲಿ ಎರಡು ಪಂಗಡಗಳಾಗುತ್ತವೆ. ‘ಪೂರ್ವಜನ್ಮದ ಪುಣ್ಯ’ ಎಂದು ಕೈಮುಗಿಯುವವರು ಕೆಲವರು. ‘ಬಡವರ ಬಾಯಿಗೆ ಮಣ್ಣು ಹಾಕಿದವರು’ ಎಂದು ಹಲ್ಲು ಕಡಿಯುವವರು ಹಲವರು. ಈ ಅಸಮಾಧಾನವು ನಿರಾಧಾರವೇನೂ ಅಲ್ಲ. ವಿಶ್ವ ಅಸಮಾನತೆಯನ್ನು ಕುರಿತು ಪ್ಯಾರಿಸಿನಲ್ಲಿ ಅಧ್ಯಯನ ನಡೆಸುವ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022-23ರಲ್ಲಿ ನಮ್ಮ ದೇಶದ ಸಂಪತ್ತಿನ ಶೇಕಡಾ 40.1 ಭಾಗವೂ ವರಮಾನದ ಶೇಕಡಾ 22.6 ಭಾಗವೂ ಮೇಲಿನ ಶೇಕಡಾ ಒಂದರಷ್ಟು ಜನರ ಪಾಲಾಗಿದ್ದವು. ಕೈಮುಗಿಯುವುದು ಸರಿಯೋ, ಹಲ್ಲು ಕಡಿಯುವುದು ಸರಿಯೋ? ಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುತ್ತದೆ?

ಹೈದರಾಬಾದಿನಲ್ಲಿ ವಾಸಿಸುವ ನಮಗೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ರಾಯಚೂರು, ಕಲಬುರ್ಗಿ, ಬೀದರ ಸೀಮೆಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರ ಹಿರಿಯರು ನಿಜಾಮನ ಪ್ರಜೆಗಳೇ ಆಗಿದ್ದರು. 1937ನೆಯ ಇಸವಿ ಫೆಬ್ರವರಿ 22ರ ಅಮೆರಿಕದ ‘ಟೈಮ್’ ಪತ್ರಿಕೆಯು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಮಾಡಿ, ಜಗತ್ತಿನಲ್ಲೇ ಅತ್ಯಂತ ಶ್ರೀಮಂತರೆಂದು ಸಾರಿತು. ಜೇಕಬ್ ವಜ್ರವನ್ನು ಅವರು ಕಾಗದಗಳು ಹಾರದಂತೆ ಇಡುವ ಭಾರವಾಗಿ ಬಳಸುತ್ತಿದ್ದರೆಂಬ ಮಾತು ಈ ಊರಿನಲ್ಲಿ ಮನೆಮಾತಾಗಿದೆ. ಅವರಿಂದ ಲೋಕೋಪಕಾರ ನಡೆಯಲೇ ಇಲ್ಲವೆನ್ನುವುದು ನ್ಯಾಯವಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ ಅವರ ಕಾಲದ್ದು. ಪುಣೆಯ ಭಾಂಡಾರಕರ ಸಂಶೋಧನ ಮಂದಿರವು ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಕೈಗೊಂಡಾಗ ಅದಕ್ಕೂ ಅವರ ಧನಸಹಾಯ ಸಂದಿತ್ತು.

ಆದರೆ ಅದೇ ಸಂಸ್ಥಾನದಲ್ಲಿ ನೆಲದ ಬಹುಭಾಗ ಜಾಗೀರುದಾರರ, ದೇಶಮುಖರ ಹಿಡಿತದಲ್ಲಿತ್ತು; ‘ಸರ್ಫ್-ಎ-ಖಾಸ್’ ಎಂಬ ಹೆಸರಿನಲ್ಲಿ ಒಂದು ಭಾಗ ಅರಸರ ಸ್ವಂತದ್ದೇ ಆಗಿತ್ತು. ತೆಲಂಗಾಣದ ಹಳ್ಳಿಗಳಲ್ಲಿ ರೈತ, ಅಗಸ, ಕುಂಬಾರರೆಲ್ಲರೂ ದೊರೆಯ ಮನೆಗೆ ‘ವೆಟ್ಟಿ’ಯೆಂಬ ಬಿಟ್ಟಿ ಚಾಕರಿ ಮಾಡಬೇಕಾಗಿತ್ತು. 1946ನೆಯ ಜುಲೈ 4ರಂದು ಕಡವೆಂಡಿ ಗ್ರಾಮದಲ್ಲಿ ದೊಡ್ಡಿ ಕೊಮರಯ್ಯ ಎಂಬ ಯುವಕನು ಗುಂಡಿಗೆ ಬಲಿಯಾದ ಮೇಲೆ, ಒಳಗೊಳಗೇ ಕುದಿಯುತ್ತಿದ್ದ ಜನರ ಸಿಟ್ಟು ಸಶಸ್ತ್ರ ಹೋರಾಟವಾಗಿ ಹೊತ್ತಿಕೊಂಡಿತು. ಅದು ಶಮನವಾದದ್ದು 1951ರಲ್ಲಿ. ಅಷ್ಟರಲ್ಲಿ ಎರಡೂ ಕಡೆ ರಕ್ತ ಹರಿದಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1967ರಲ್ಲಿ ಅರಸರೂ ತೀರಿಕೊಂಡರು. 1995ರಲ್ಲಿ ಭಾರತ ಸರಕಾರವು 218 ಕೋಟಿ ರೂಪಾಯಿಗಳಿಗೆ ನಿಜಾಮರ 173 ಆಭರಣಗಳನ್ನು ಕೊಂಡುಕೊಂಡಿತು. ಜೇಕಬ್ ವಜ್ರವೂ ಅವುಗಳಲ್ಲೊಂದು. ವಜ್ರವು ಹಾಗೆಯೇ ಇದೆ. ‘ನನ್ನದು’ ಎಂದವರು ಮಾತ್ರ ಇಲ್ಲ.

ಹಾಗಾದರೆ ಅದು ಯಾರದ್ದು? ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರವೇ ಈ ಪ್ರಶ್ನೆಗೆ ಉತ್ತರ. ಶ್ರೀಮದಾಚಾರ್ಯರು ಅದರ ಭಾಷ್ಯದಲ್ಲಿ ‘ತ್ಯಕ್ತ’ ಎಂಬ ಶಬ್ದಕ್ಕೆ ‘ದತ್ತ’, ಎಂದರೆ ಅವನಿಂದ ಕೊಡಲ್ಪಟ್ಟದ್ದು, ಎಂದು ಅರ್ಥವನ್ನು ಅನುಗ್ರಹಿಸಿದ್ದಾರೆ. ಜಗತ್ತು ಸ್ವತಃ ಪ್ರವರ್ತಿಸಲು ಅಸಮರ್ಥವಾದದ್ದು. ಅದರ ಪ್ರವೃತ್ತಿಯೆಲ್ಲ ಈಶಾಧೀನ. ಆದುದರಿಂದ ಎಲ್ಲವೂ ಅವನದೇ. ಅವನು ಕೊಟ್ಟದ್ದನ್ನು ಅನುಭವಿಸು, ಮತ್ತೊಬ್ಬನ ಧನಕ್ಕೆ ಕೈಚಾಚಬೇಡ ಎಂದು ಭಾವ. ಒಡೆತನ ಸ್ವತಂತ್ರನಾದ ಒಬ್ಬನಿಗೇ ಸಲ್ಲುವುದು. ಅಸ್ವತಂತ್ರರಾದ ನಮಗೆ ಸಲ್ಲುವುದು ಕೇವಲ ಪಾಲನೆ. ಟೈಮ್ ಪತ್ರಿಕೆಯ ಆ ಸಂಚಿಕೆ ಹೊರಡುವುದಕ್ಕೆ ಒಂದು ತಿಂಗಳ ಹಿಂದೆ, 1937ರ ಜನವರಿಯಲ್ಲಿ, ಗಾಂಧೀಜಿಯವರು ತಿರುವಾಂಕೂರಿನ ಸಭೆಗಳಲ್ಲಿ ವಿವರಿಸುತ್ತಿದ್ದುದು ಇದೇ ಮಂತ್ರವನ್ನು ಎಂಬುದು ಗಮನಾರ್ಹ.

ರೈಲ್ವೆಯಲ್ಲಿ ಸೇವೆ ಸಲ್ಲಿಸಿದವರಿಗೆ ಒಂದು ವ್ಯವಸ್ಥೆಯ ಪರಿಚಯವಿದ್ದೇ ಇದೆ. ಸಣ್ಣ ಸ್ಟೇಷನ್ನುಗಳಲ್ಲಿ ಟಿಕೆಟ್ ಮಾರಿ ಬಂದ ಹಣವನ್ನು ಚೀಲದಲ್ಲಿ ಕಟ್ಟಿ ಮೊಹರು ಮಾಡಿ, ಗಾರ್ಡಿನ ಡಬ್ಬಿಯಲ್ಲಿ ಬರುವ ಕಬ್ಬಿಣದ ಸೇಫಿನಲ್ಲಿ ಹಾಕಿ ಕಳುಹಿಸುತ್ತಿದ್ದರು. ರಾತ್ರಿಯಿಡೀ ಆ ಸೇಫಿನ ಪಕ್ಕದಲ್ಲೇ ಕುಳಿತು ಬರುವ ಗಾರ್ಡನ್ನು ಯಾರೂ ಶ್ರೀಮಂತನೆಂದು ಕರೆಯಲಿಲ್ಲ. ಆತನನ್ನು ಕಂಡು ಯಾರೂ ಹೊಟ್ಟೆಕಿಚ್ಚು ಪಡಲೂ ಇಲ್ಲ. ಆತನು ಒಪ್ಪಿಸಿ ಸಹಿ ಪಡೆಯಬೇಕಾದವನು. ಸೇಫನ್ನು ಮನೆಗೆ ಸಾಗಿಸಿದರೆ ಮಾತ್ರ ಆತನಿಗೆ ಬೇರೊಂದು ಹೆಸರು ಬರುತ್ತಿತ್ತು.

ಆ ಹೆಸರನ್ನು ಶಾಸ್ತ್ರವೇ ಹೇಳಿದೆ. ಭಾಗವತದ ಸಪ್ತಮ ಸ್ಕಂಧದ 14ನೆಯ ಅಧ್ಯಾಯದಲ್ಲಿ ಗೃಹಸ್ಥಧರ್ಮವನ್ನು ಉಪದೇಶಿಸುವ ನಾರದರು, ದೇಹಧಾರಿಗಳಿಗೆ ತಮ್ಮ ಹೊಟ್ಟೆ ತುಂಬುವಷ್ಟರಲ್ಲಿ ಮಾತ್ರ ಸ್ವತ್ವವಿದೆ, ಅದಕ್ಕಿಂತ ಅಧಿಕವಾದುದನ್ನು ತನ್ನದೆಂದು ಭಾವಿಸುವವನು ‘ಸ್ತೇನ’ನು, ಎಂದರೆ ಕಳ್ಳನು, ದಂಡಾರ್ಹನು ಎನ್ನುತ್ತಾರೆ. ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ, ದೇವತೆಗಳು ಕೊಟ್ಟದ್ದನ್ನು ಅವರಿಗೆ ಅರ್ಪಿಸದೆ ತಾನೇ ಉಣ್ಣುವವನಿಗೆ ಭಗವಂತನು ಕೊಟ್ಟ ಹೆಸರು ಇದೇ. ಯಾವ ಕ್ರಾಂತಿಕಾರಿಯ ಭಾಷಣಕ್ಕೂ ಈ ಮಾತು ಕಡಿಮೆಯಲ್ಲ.

ಇನ್ನು ಈ ಉಪದೇಶವು ಯಾರಿಗೆ, ಯಾವಾಗ ನಡೆಯಿತೆಂಬುದನ್ನು ನೋಡೋಣ. ಕೇಳಿದವನು ಧರ್ಮರಾಜ; ಸಂದರ್ಭ ರಾಜಸೂಯ. ಭೂಮಂಡಲದ ಕಪ್ಪಕಾಣಿಕೆಗಳೆಲ್ಲ ಕಾಲ ಬಳಿ ಬಂದು ಬಿದ್ದಿರುವಾಗ ಚಕ್ರವರ್ತಿಯು ‘ಹೊಟ್ಟೆಗೆ ಮೀರಿದ್ದು ಕಳವು’ ಎಂಬ ಮಾತನ್ನು ತಲೆಬಾಗಿಸಿ ಕೇಳಿದನು. ಅದೇ ರಾಜಸೂಯವನ್ನು ಕಂಡು ಬೆಂದುಹೋದವನು ಇನ್ನೊಬ್ಬನಿದ್ದಾನೆ. ದುರ್ಯೋಧನನಿಗೆ ಅನ್ನಕ್ಕೆ ಕೊರತೆಯಿತ್ತೇ? ಹಸ್ತಿನಾವತಿಯ ಸಿಂಹಾಸನವೇ ಅವನ ಮನೆಯಲ್ಲಿತ್ತು. ಆದರೂ ನಿದ್ರೆ ಬರಲಿಲ್ಲ. ಮಾತ್ಸರ್ಯವು ಬಡತನದ ಮಗುವಲ್ಲ, ಮಮಕಾರದ ಮಗು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಕೂಡಿಡುವವನು ‘ಇದು ನನ್ನದು’ ಎನ್ನುತ್ತಾನೆ. ಕರುಬುವವನು ‘ಇದು ನನ್ನದಾಗಬೇಕಿತ್ತು’ ಎನ್ನುತ್ತಾನೆ. ಇಬ್ಬರೂ ನಿಜವಾದ ಒಡೆಯನನ್ನು ಮರೆತವರೇ.

ಇಲ್ಲಿ ನಮ್ಮವರಲ್ಲೇ ಕೆಲವರು ಒಂದು ಆಕ್ಷೇಪವನ್ನು ತರುವುದುಂಟು: ‘ತಾರತಮ್ಯವು ನಮ್ಮ ಸಿದ್ಧಾಂತವೇ ಆಗಿರುವಾಗ, ಧನಿಕ-ದರಿದ್ರರ ಭೇದವೂ ಸಹಜವೇ ಅಲ್ಲವೇ? ಅವರವರ ಕರ್ಮ ಅವರವರಿಗೆ.’ ಇದು ಸಿದ್ಧಾಂತಕ್ಕೆ ಮಾಡುವ ಅಪಚಾರ. ಆಚಾರ್ಯರು ಹೇಳಿದ ತಾರತಮ್ಯವು ಜೀವರ ಸ್ವರೂಪಯೋಗ್ಯತೆಯದು. ಜ್ಞಾನ, ಭಕ್ತಿ, ಆನಂದಗಳದು. ಬ್ಯಾಂಕಿನ ಪಾಸ್‌ಬುಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಹಣವೇ ಯೋಗ್ಯತೆಯ ಗುರುತಾಗಿದ್ದರೆ ಶ್ರೀಕೃಷ್ಣನು ದುರ್ಯೋಧನನ ಔತಣವನ್ನು ನಿರಾಕರಿಸಿ ವಿದುರನ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಹರಕು ಬಟ್ಟೆಯ ಸುದಾಮನ ಪಾದಗಳನ್ನು ತೊಳೆಯುತ್ತಿರಲಿಲ್ಲ. ಪ್ರಾರಬ್ಧದ ವಿಚಾರವು ನಮ್ಮ ಕಷ್ಟವನ್ನು ನಾವು ಧೈರ್ಯದಿಂದ ಸಹಿಸುವುದಕ್ಕೇ ಹೊರತು, ಹಸಿದವನನ್ನು ಬಾಗಿಲಿನಿಂದ ಅಟ್ಟುವುದಕ್ಕಲ್ಲ. ನಲವತ್ತೆಂಟು ದಿನ ನಿರಾಹಾರನಾಗಿದ್ದ ರಂತಿದೇವನು ಕೈಗೆ ಬಂದ ಅನ್ನವನ್ನೂ, ಕೊನೆಗೆ ನೀರನ್ನೂ ಬಂದವರಿಗೆ ಕೊಟ್ಟನು. ‘ನಿನ್ನ ಕರ್ಮ’ ಎಂದು ಯಾರನ್ನೂ ಕಳುಹಿಸಲಿಲ್ಲ.

ಹಾಗಾದರೆ ಅನ್ಯಾಯವನ್ನು ಕಂಡು ಸಿಟ್ಟಾಗುವುದೇ ತಪ್ಪೇ? ತಪ್ಪಲ್ಲ, ಆದರೆ ಆ ಸಿಟ್ಟನ್ನು ಒರೆಗೆ ಹಚ್ಚಬೇಕು. ಶ್ರೀಮಂತನ ಧನವು ಯಾರಿಗೂ ದಕ್ಕದೆ ನಾಶವಾದರೂ ನಮಗೆ ಸಂತೋಷವಾಗುವುದಾದರೆ ಅದು ಮಾತ್ಸರ್ಯ. ಕೆಳಗಿರುವವನಿಗೆ ಪಾಲು ಸಿಗಬೇಕು, ಅದಕ್ಕಾಗಿ ನನ್ನ ಪಾಲಿನಿಂದಲೂ ಸ್ವಲ್ಪ ಹೋಗಲಿ ಎನಿಸುವುದಾದರೆ ಅದು ಧರ್ಮ. ಈ ಎರಡನೆಯದು ನಮ್ಮ ನೆರೆಯಲ್ಲೇ ಒಮ್ಮೆ ಕಂಡಿದೆ. ತೆಲಂಗಾಣವು ಇನ್ನೂ ಹೊತ್ತಿ ಉರಿಯುತ್ತಿದ್ದಾಗ, 1951ನೆಯ ಏಪ್ರಿಲ್ 18ರಂದು ವಿನೋಬಾ ಭಾವೆಯವರು ಪೋಚಂಪಲ್ಲಿಗೆ ಬಂದರು. ಅಲ್ಲಿನ ನಲವತ್ತು ಹರಿಜನ ಕುಟುಂಬಗಳು ಎಂಬತ್ತು ಎಕರೆ ನೆಲವನ್ನು ಬೇಡಿದವು. ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದುನಿಂತು ನೂರು ಎಕರೆ ಕೊಡುವೆನೆಂದರು. ಭೂದಾನವು ಆರಂಭವಾದದ್ದು ಹಾಗೆ. ಮುಂದೆ ದೇಶದಲ್ಲಿ ದಾನವಾಗಿ ಬಂದ ನೆಲದಲ್ಲಿ ಎಷ್ಟೋ ಭಾಗ ಬರಡಾಗಿತ್ತು, ಎಷ್ಟೋ ಭಾಗ ಹಂಚಿಕೆಯಾಗದೆಯೇ ಉಳಿಯಿತು. ಆದುದರಿಂದ ಕಾನೂನು ಬೇಡ, ತೆರಿಗೆ ಬೇಡ, ದಾನವೊಂದೇ ಸಾಕು ಎನ್ನಲಾಗದು. ನಾರದರು ದಂಡಾರ್ಹನೆಂದಾಗ ದಂಡಿಸಬೇಕಾದ ರಾಜನೇ ಅದನ್ನು ಕೇಳುತ್ತಿದ್ದನಷ್ಟೆ. ಆದರೆ ಕೊಡುವ ಮನಸ್ಸಿಲ್ಲದ ಸಮಾಜದಲ್ಲಿ ಕಾನೂನೂ ಬರಿಯ ಕಾಗದವೇ.

ಕಡೆಯದಾಗಿ ನಮ್ಮ ಮನೆಗಳ ವಿಚಾರ. ಕೋಟ್ಯಧಿಪತಿಗಳನ್ನು ನಿಂದಿಸುವ ನಾವು, ಮನೆಗೆಲಸದ ಹೆಣ್ಣುಮಗಳು ಜ್ವರದಿಂದ ಎರಡು ದಿನ ಬಾರದಿದ್ದರೆ ಸಂಬಳ ಮುರಿಯುತ್ತೇವೆ. ಆಕೆಯ ಕಣ್ಣಿಗೆ ನಮ್ಮ ಮೂರು ಕೋಣೆಯ ಫ್ಲ್ಯಾಟು, ಅಮೆರಿಕದ ಮಗ, ಬೀರುವಿನಲ್ಲಿ ಮಡಿಸಿಟ್ಟ ಐವತ್ತು ರೇಷ್ಮೆ ಸೀರೆ ಇವೇ ನಿಜಾಮನ ಭಂಡಾರ. ಅಷ್ಟಮ ಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಗೆ ವಿತ್ತವನ್ನು ಐದು ಪಾಲು ಮಾಡಲು ಹೇಳುತ್ತಾರೆ: ಧರ್ಮಕ್ಕೆ, ಯಶಸ್ಸಿಗೆ, ಅರ್ಥಕ್ಕೆ, ಕಾಮಕ್ಕೆ, ಸ್ವಜನರಿಗೆ. ಸರ್ವಸ್ವವನ್ನೂ ಕೊಡಬೇಡವೆಂದು ತಡೆಯಲು ಬಂದ ಗುರುಗಳೇ ಧರ್ಮಕ್ಕೆ ಒಂದು ಪಾಲನ್ನು ಮೊದಲು ತೆಗೆದಿಟ್ಟಿದ್ದಾರೆ! ನಾವು ನಿತ್ಯವೂ ದೇವರಿಗೆ ನೈವೇದ್ಯ ಮಾಡಿ, ವೈಶ್ವದೇವ ಬಲಿಹರಣಗಳಾದ ಮೇಲೆ ಊಟಕ್ಕೆ ಕುಳಿತುಕೊಳ್ಳುವುದರ ತಾತ್ಪರ್ಯವೂ ಇದೇ. ತಟ್ಟೆಯಲ್ಲಿರುವುದು ಅವನು ಕೊಟ್ಟದ್ದು, ಅದರಲ್ಲಿ ಇತರರ ಪಾಲಿದೆ.

ಈ ತಿಂಗಳ ಸಂಬಳವೋ ಪಿಂಚಣಿಯೋ ಕೈಗೆ ಬಂದಾಗ, ಮೊದಲು ನಮ್ಮ ಕೈಕೆಳಗೆ ದುಡಿಯುವವರಿಗೆ ನಾವು ಕೊಡಬೇಕಾದದ್ದನ್ನು ಪೂರ್ಣವಾಗಿ ಕೊಟ್ಟಿದ್ದೇವೆಯೇ ಎಂದು ಲೆಕ್ಕ ಹಾಕೋಣ. ಶ್ರೀಮಂತರ ಲೆಕ್ಕವನ್ನು ಆಮೇಲೆ ಕೇಳುವ ಅಧಿಕಾರ ನಮಗೆ ಬರುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥