ಬಳುವಳಿಯ ಕಳ್ಳಿ

ಹಿರಿಯರು ಬಿಟ್ಟುಹೋದುದನ್ನು ಪ್ರೀತಿಸಿದರೆ ಸಾಕೆ, ಅರಿಯಲೂ ಬೇಕೆ? ನಮ್ಮ ತಾಯಿಯವರ ಕಾಲದಿಂದ ಪಡಸಾಲೆಯ ಕುಂಡದಲ್ಲಿ ಆಳೆತ್ತರ ಬೆಳೆದಿದ್ದ ಮುಳ್ಳಿನ ಗಿಡವೊಂದು ನಮ್ಮನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿತು. ಅದನ್ನು ಪಾಪಾಸುಕಳ್ಳಿಯೆಂದೇ ನಂಬಿದ್ದೆವು. ತಾಯಿಯ ನೆನಪೆಂದು ದಿನವೂ ನೀರೆರೆದೆವು. ಬುಡ ಕೊಳೆಯಿತು. ವಾಲಿದ ಕೊಂಬೆಯನ್ನು ಕತ್ತರಿಸಿದಾಗ ಬಿಳಿಯ ಹಾಲು ಸುರಿಯಿತು. ಅದನ್ನು ಮುಟ್ಟಿದ ಮೊಮ್ಮಗಳು ಕಣ್ಣುಜ್ಜಿಕೊಂಡಳು. ಬಹಳ ಹೊತ್ತು ನೀರಿನಿಂದ ತೊಳೆದು ವೈದ್ಯರಲ್ಲಿಗೆ ಒಯ್ದೆವು, ದೃಷ್ಟಿ ಉಳಿಯಿತು.

ಪಾಪಾಸುಕಳ್ಳಿಯ ಮುಳ್ಳು ನವುರಾದ ರೋಮದ ಗದ್ದುಗೆಯಿಂದ ಮೂಡುತ್ತದೆ; ಗಾಯದಲ್ಲಿ ಸಾಮಾನ್ಯವಾಗಿ ನೀರಿನಂಥ ರಸ ಒಸರುತ್ತದೆ. ನಮ್ಮದು ಯೂಫೋರ್ಬಿಯಾ ಕುಲದ ಹಾಲುಗಳ್ಳಿ. ಅದರ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣನ್ನು ಕೆಡಿಸಬಲ್ಲದು. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು, ತಳದಲ್ಲಿ ತೂತಿರುವ ಕುಂಡ, ಮಕ್ಕಳ ಕೈಗೆಟುಕದ ಬಿಸಿಲಿನ ಎಡೆ, ಕತ್ತರಿಸುವವರಿಗೆ ಕೈಗವಸು ಮತ್ತು ಕನ್ನಡಕ: ಇಷ್ಟೇ ಅದು ಬೇಡುವುದು.

ಕಿತ್ತೆಸೆಯಿರೆಂದವರಿದ್ದರು. ನಾವು ಒಪ್ಪಲಿಲ್ಲ. ತಪ್ಪು ಗಿಡದ್ದಲ್ಲ, ಅರಿಯದೆ ತೋರಿದ ಅಕ್ಕರೆಯೇ ಬುಡವನ್ನು ಕೊಳೆಸಿತು, ಮಗುವನ್ನು ನೋಯಿಸಿತು. ಕೊಳೆಯದ ಕೊಂಬೆಯೊಂದರ ಗಾಯವನ್ನು ವಾರಕಾಲ ಆರಿಸಿ ಹೊಸ ಕುಂಡದಲ್ಲಿ ನೆಟ್ಟೆವು, ಚಿಗುರಿತು. ಮುಂದೆ ಅದನ್ನು ಮೊಮ್ಮಗಳಿಗೆ ಒಪ್ಪಿಸುವಾಗ ಅಜ್ಜಿಯ ನೆನಪಿನೊಡನೆ ಅದರ ಹೆಸರನ್ನೂ ವಿಷವನ್ನೂ ಹೇಳಿಯೇ ಒಪ್ಪಿಸುವೆವು.