ಹುಡುಕಲು ಹೊರಟವನು

ಕೆಲಸ ಸಿಕ್ಕಿ ಪರದೇಶಕ್ಕೆ ಹೊರಟವನಿಗೆ ಹಾರ ಹಾಕಿ ಬೀಳ್ಕೊಡುವುದು ನಮಗೆ ತಿಳಿದ ರೀತಿ. ಕೆಲಸ ಹುಡುಕುವುದಕ್ಕೆಂದೇ ಹೊರಟವನಿಗೆ ಏನು ಹೇಳಬೇಕು? ನಮ್ಮ ಬೀದಿಯ ಇಂಜಿನಿಯರ್ ಹುಡುಗನೊಬ್ಬ ಹಾಗೆ ಜರ್ಮನಿಗೆ ಹೊರಟಿದ್ದಾನೆ. “ನೀವಾದರೂ ಬುದ್ಧಿ ಹೇಳಿ” ಎಂದು ಅವನ ತಂದೆ ನನ್ನಲ್ಲಿಗೆ ಬಂದರು.

ಬುದ್ಧಿ ಹೇಳುವವನಿಗೆ ವಿಷಯ ತಿಳಿದಿರಬೇಕಷ್ಟೆ. ೨೦೨೪ರ ಜೂನ್ ತಿಂಗಳಿಂದ ಆ ದೇಶ ‘ಶಾನ್ಸೆನ್‌ಕಾರ್ಟೆ’ ಎಂಬುದನ್ನು ಕೊಡುತ್ತಿದೆ. ಅವಕಾಶದ ಚೀಟಿ ಎನ್ನೋಣ. ವಿದ್ಯೆ ಇದ್ದವನ ವಯಸ್ಸು, ಭಾಷೆ, ಅನುಭವಗಳಿಗೆ ಅಂಕ ಹಾಕುತ್ತಾರೆ. (ನಲವತ್ತು ದಾಟಿದ ನನ್ನಂಥವನಿಗೆ ವಯಸ್ಸಿನ ಬಾಬಿನಲ್ಲಿ ಸೊನ್ನೆ.) ಆರು ಅಂಕ ಬಂದರೆ ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು, ನಡುವೆ ವಾರಕ್ಕೆ ೨೦ ಗಂಟೆ ದುಡಿಯಲು ಅಪ್ಪಣೆಯುಂಟು. ಆದರೆ ಹೊಟ್ಟೆಪಾಡಿನ ಹಣವನ್ನು ಮೊದಲೇ ತೋರಿಸಬೇಕು. ೨೦೨೫ರ ಲೆಕ್ಕದಂತೆ ಅದು ತಿಂಗಳಿಗೆ ೧,೦೯೧ ಯೂರೋ. ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗೂ ಮೀರಿತು. ತಂದೆಯ ನಿವೃತ್ತಿಯ ಗಂಟು ಕರಗುವುದು ಇಲ್ಲೇ.

ಮನುಷ್ಯನನ್ನು ಅಂಕದಲ್ಲಿ ಅಳೆಯುವುದೇ ಎಂದು ಮೂಗು ಮುರಿಯುವವರಿದ್ದಾರೆ. ವರ್ಷವಿಡೀ ಉತ್ತರಪತ್ರಿಕೆ ತಿದ್ದುವ ನಾನು ಆ ಮಾತನ್ನಾಡುವ ಹಾಗಿಲ್ಲ. ನನ್ನನ್ನು ಕಾಡಿದ್ದು ಬೇರೆ. ಆ ಕಾನೂನು ‘ಹುಡುಕು’ ಎನ್ನುತ್ತದೆ. ಹುಡುಕಿದ್ದು ಸಿಗದೆಯೂ ಇರಬಹುದೆಂಬುದು ಆ ಮಾತಿನಲ್ಲೇ ಇದೆ. ಸಿಗದವನು ಹಿಂದಿರುಗಬೇಕು, ಅಷ್ಟೆ. ನಾವು ಮಾತ್ರ ‘ಹುಡುಕು’ ಎಂದು ಹೇಳಿ ‘ಸಿಗಲೇಬೇಕು’ ಎಂದು ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಪ್ರಾಮಾಣಿಕವಾಗಿ ಹುಡುಕಿಯೂ ಬರಿಗೈಯಲ್ಲಿ ಬಂದವನಿಗೆ ನಮ್ಮಲ್ಲಿರುವ ಹೆಸರೊಂದೇ: ಕೆಲಸಕ್ಕೆ ಬಾರದವನು. ಆ ಹೆಸರಿಗೆ ಹೆದರಿ ಎಷ್ಟು ಮಕ್ಕಳು ಫೋನಿನಲ್ಲಿ “ಚೆನ್ನಾಗಿದ್ದೇನೆ” ಎಂದು ಸುಳ್ಳಾಡುತ್ತಿರಬಹುದು!

ದಕ್ಷಿಣ ಕನ್ನಡದ ಹುಡುಗರು ಹಿಂದೆ ಮುಂಬಯಿಗೆ ಹೋದಾಗಲೂ ಎಲ್ಲರಿಗೂ ಕೆಲಸ ಕಾದಿರಲಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆ ನಮಗೆ ಬಾಯಿಪಾಠ. ಆಗದೆ ಊರಿಗೆ ಮರಳಿದವರೂ ಇದ್ದೇ ಇರಬೇಕು. ಅವರ ಕಥೆಯನ್ನು ಯಾರೂ ಹೇಳಲಿಲ್ಲ.

ಆದ್ದರಿಂದ ಹೋಗುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯಲಿಲ್ಲ. “ಈ ಹಣ ನೀವು ಕೊಡುತ್ತಿರುವುದು ದಾನವೋ, ಸಾಲವೋ?” ಎಂದು ಕೇಳಿದೆ.

“ಮಗನಿಗೆ ಯಾರಾದರೂ ಸಾಲ ಕೊಡುತ್ತಾರೆಯೇ?” ಎಂದರು, ಸ್ವಲ್ಪ ನೊಂದೇ.

“ಹಾಗಾದರೆ ಅದೆಲ್ಲ ಕರಗಿ, ಅವನು ಸುಮ್ಮನೆ ಮನೆಗೆ ಬಂದರೆ?”

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಬರಲಿ. ಬಾರದೆ ಎಲ್ಲಿಗೆ ಹೋಗುತ್ತಾನೆ?”

“ಇದನ್ನು ಅವನಿಗೆ ಹೇಳಿದ್ದೀರಾ?”

ಇಲ್ಲವೆಂದು ತಲೆಯಾಡಿಸಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.