ಇಲ್ಲ ಎಂಬ ಅರಿವು

ಕಣ್ಣಿಗೆ ಬೀಳದ್ದನ್ನು ಯಾವಾಗ ‘ಇಲ್ಲ’ ಎನ್ನಬಹುದು ಎಂಬುದು ಭಾರತೀಯ ದರ್ಶನಗಳಲ್ಲಿ ಶತಮಾನಗಳ ಕಾಲ ನಡೆದ ವಾದ. ಅದರ ಒಂದು ತುದಿಯಲ್ಲಿ ನೆಲದ ಮೇಲೆ ಕಾಣದ ಗಡಿಗೆಯಿದೆ, ಇನ್ನೊಂದು ತುದಿಯಲ್ಲಿ ಕಾಣದ ದೇವರಿದ್ದಾನೆ. ಮನೆಯ ಕಂಪ್ಯೂಟರಿನ ಮೆನುವಿನಿಂದ ಮಾಯವಾದ ಒಂದು ಹೆಸರೂ ಇದೇ ಪ್ರಶ್ನೆಯನ್ನು ಎತ್ತುತ್ತದೆ. ಬೆಳಗಾವಿ ಜಿಲ್ಲೆಯ ರಾಮದುರ್ಗದ ಒಂದು ಮನೆಯಲ್ಲಿ ನಿನ್ನೆಯವರೆಗೂ ಮೆನುವಿನಲ್ಲಿದ್ದ, ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ ಇಂದು ಅಲ್ಲಿ ಕಾಣುತ್ತಿಲ್ಲ ಎಂದಿಟ್ಟುಕೊಂಡರೆ, ‘ನುಡಿ ಹೋತು’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಆದರೆ ನುಡಿ ಹೋದದ್ದನ್ನು ಯಾರೂ ಕಂಡಿಲ್ಲ. ಕಂಡದ್ದು ಅದರ ಹೆಸರಿಲ್ಲದ ಪಟ್ಟಿಯೊಂದೇ.

7ನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ‘ಇಲ್ಲ’ ಎಂಬ ಅರಿವಿಗೆ ಪ್ರತ್ಯೇಕ ಪ್ರಮಾಣವೊಂದು, ಎಂದರೆ ಅರಿವಿನ ಸಾಧನವೊಂದು, ಬೇಕು ಎಂದ. ಬರಿದಾದ ನೆಲ ಕಣ್ಣಿಗೆ ಕಾಣುತ್ತದೆ. ಗಡಿಗೆಯ ಇಲ್ಲದಿರುವಿಕೆ ಕಣ್ಣಿಗೆ ತಾಗುವ ವಸ್ತುವಲ್ಲ. ಕಾಣಬೇಕಾದದ್ದು ಕಾಣದೆ ಹೋಗುವುದೇ ಆ ಅರಿವಿನ ಸಾಧನ, ಅದಕ್ಕೆ ಅನುಪಲಬ್ಧಿ ಎಂದು ಹೆಸರು. ಅದ್ವೈತಿಗಳೂ ಇದನ್ನು ಆರನೆಯ ಪ್ರಮಾಣವಾಗಿ ಎಣಿಸಿದರು. ನ್ಯಾಯದರ್ಶನದ ನೈಯಾಯಿಕರು ಅಭಾವವನ್ನೇ, ಎಂದರೆ ಇಲ್ಲದಿರುವಿಕೆಯನ್ನೇ, ಒಂದು ಪದಾರ್ಥವೆಂದು ಒಪ್ಪಿ, ಅದು ಪ್ರತ್ಯಕ್ಷಕ್ಕೇ ಸಿಗುತ್ತದೆ ಎಂದರು. ಉಡುಪಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮಗಳಾಚೆ ನಾಲ್ಕನೆಯದನ್ನು ಎಣಿಸಲೇ ಇಲ್ಲ. ವಾದದ ನಡುವೆಯೂ ಉಳಿದುಬಂದ, ನಿಜಕ್ಕೂ ಬೆಲೆಯುಳ್ಳ ಷರತ್ತು ಒಂದು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥದ್ದು ಕಾಣದಿದ್ದಾಗ ಮಾತ್ರ ‘ಇಲ್ಲ’ ಎನ್ನಬೇಕು. ಇದು ಯೋಗ್ಯಾನುಪಲಬ್ಧಿ. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಮೊದಲು ದೀಪ ತರಬೇಕು.

ಇದ್ದೂ ಕಾಣದಿರುವುದಕ್ಕೆ ಕಾರಣಗಳೇನು? ಸಾಂಖ್ಯಕಾರಿಕೆಯ ಏಳನೆಯ ಕಾರಿಕೆಯಲ್ಲಿ ಈಶ್ವರಕೃಷ್ಣ ಎಂಟನ್ನು ಹೇಳಿದ್ದಾನೆ: ತೀರ ದೂರವಿರುವುದು, ತೀರ ಹತ್ತಿರವಿರುವುದು, ಇಂದ್ರಿಯದ ಊನ, ಮನಸ್ಸು ಬೇರೆಡೆ ಇರುವುದು, ವಸ್ತುವಿನ ಸೂಕ್ಷ್ಮತೆ, ನಡುವಿನ ಮರೆ, ಹೆಚ್ಚು ಬಲವುಳ್ಳದ್ದರ ಮುಂದೆ ಮಂಕಾಗುವುದು, ತನ್ನಂಥವುಗಳಲ್ಲಿ ಬೆರೆತುಹೋಗುವುದು. ಮಾಯವಾದ ಮೆನುವನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಲಿನಕ್ಸ್‌ನಲ್ಲಿ ಮೆನುವಿನ ಒಂದೊಂದು ಹೆಸರಿಗೂ ಒಂದೊಂದು ಪುಟ್ಟ ಫೈಲ್ ಇರುತ್ತದೆ. ಅದರೊಳಗೆ ‘ನೋಡಿಸ್‌ಪ್ಲೇ’ ಎಂಬ ಸಾಲಿಗೆ ‘ಟ್ರೂ’ ಎಂದು ಬರೆದಿದ್ದರೆ ತಂತ್ರಾಂಶ ಚೆನ್ನಾಗಿಯೇ ಇದ್ದು ಮೆನುವಿನಲ್ಲಿ ಮಾತ್ರ ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ವ್ಯೂ’ ಒಳಗೆ ಐಕಾನ್ ತೋರಿಸುವ ಗುರುತನ್ನು ತೆಗೆದರೆ ಐಕಾನುಗಳೆಲ್ಲ ಒಮ್ಮೆಲೇ ಮರೆಯಾಗುತ್ತವೆ. ಫೈಲುಗಳು ತಮ್ಮ ಫೋಲ್ಡರಿನಲ್ಲೇ ಇರುತ್ತವೆ. ಇವೆರಡೂ ಮರೆಯ ಕಾರಣಗಳು. ಮಗಳ ಲಾಗಿನ್‌ಗೆ ಮಾತ್ರ ಇನ್‌ಸ್ಟಾಲ್ ಮಾಡಿದ್ದು ಅಪ್ಪನ ಲಾಗಿನ್‌ನಲ್ಲಿ ಸಿಗದಿರುವುದು ದೂರದ ಕಾರಣ. ಕಂಪ್ಯೂಟರಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದಾಗ ಹೆಸರೂ ಅಕ್ಷರಾನುಕ್ರಮವೂ ಬದಲಾಗಬಹುದು. ಹಳೆಯ ಜಾಗದಲ್ಲೇ ಹುಡುಕುವ ಕಣ್ಣಿಗೆ ಆ ಹೆಸರು ಗುಂಪಿನಲ್ಲಿ ಬೆರೆತುಹೋಗಿರುತ್ತದೆ. ಇವನ್ನೆಲ್ಲ ನೋಡಿ, ಫೋಲ್ಡರಿನಲ್ಲಿ ತಂತ್ರಾಂಶದ ಮೂಲ ಫೈಲನ್ನೇ ಹುಡುಕಿ, ಅಲ್ಲಿಯೂ ಸಿಗದಿದ್ದಾಗಲೇ ‘ಇಲ್ಲ’ ಎಂಬುದು ಪ್ರಮಾಣವಾಗುತ್ತದೆ.

ಹಾಗೆ ಸಿದ್ಧವಾದ ‘ಇಲ್ಲ’ ಕೂಡ ಒಂದೇ ಬಗೆಯದಲ್ಲ, ತಾರ್ಕಿಕರು ಅಭಾವದಲ್ಲಿ ನಾಲ್ಕು ಬಗೆ ಎಣಿಸುತ್ತಾರೆ. ಹೊಸ್ತಿಲ ಹುಣ್ಣಿಮೆಗೆ ಮೊದಲು ರಾಮದುರ್ಗ ತಾಲೂಕಿನ ಗೊಡಚಿಯಲ್ಲಿ ಆ ವರ್ಷದ ವೀರಭದ್ರೇಶ್ವರನ ಜಾತ್ರೆ ಇಲ್ಲ. ಅದು ಪ್ರಾಗಭಾವ, ಜಾತ್ರೆ ಕೂಡಿದೊಡನೆ ಮುಗಿಯುತ್ತದೆ. ಭಾವೆ ಮನೆತನದ ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಇಲ್ಲ. ಅದು ಪ್ರಧ್ವಂಸಾಭಾವ, ಮೊದಲುಂಟು, ಕೊನೆಯಿಲ್ಲ. ಗಾಳಿಯಲ್ಲಿ ಬಣ್ಣವಿಲ್ಲದಿರುವುದು ಅತ್ಯಂತಾಭಾವ. ನಾಲ್ಕನೆಯದು ಅನ್ಯೋನ್ಯಾಭಾವ, ಒಂದು ಇನ್ನೊಂದಲ್ಲದಿರುವುದು. ಸಂಸ್ಕೃತದ ತಾರ್ಕಿಕರು ಮೊದಲ ಮೂರನ್ನು ಸಂಸರ್ಗಾಭಾವವೆಂದು ಕೂಡಿಸಿ ನಾಲ್ಕನೆಯದನ್ನು ಬೇರೆಯಿಡಲು ಪರಿಭಾಷೆ ಕಟ್ಟಬೇಕಾಯಿತು. ಕನ್ನಡ ಆ ಗೆರೆಯನ್ನು ಎರಡು ಮಾತುಗಳಲ್ಲೇ ಎಳೆದಿದೆ: ಮೊದಲ ಮೂರಕ್ಕೆ ‘ಇಲ್ಲ’, ನಾಲ್ಕನೆಯದಕ್ಕೆ ‘ಅಲ್ಲ’. ರಾಮದುರ್ಗದ ಸಂತೆಯಲ್ಲಿ ‘ಇಲ್ರೀ’ ಎನ್ನಬೇಕಾದಲ್ಲಿ ಮಗುವೂ ‘ಅಲ್ರೀ’ ಎನ್ನುವುದಿಲ್ಲ.

ಈ ಎರಡನ್ನು ಕಲಸಿದರೆ ಹುಡುಕಾಟವೇ ದಾರಿ ತಪ್ಪುತ್ತದೆ. ಮೆನುವಿನಲ್ಲಿರುವ ಶಾರ್ಟ್‌ಕಟ್ ತಂತ್ರಾಂಶ ಅಲ್ಲ. 2023ರ ಜನವರಿ 13ರಂದು ಮೈಕ್ರೋಸಾಫ್ಟಿನ ಭದ್ರತಾ ತಂತ್ರಾಂಶ ಡಿಫೆಂಡರ್‌ನಲ್ಲಿ ಒಂದು ನಿಯಮ ತಪ್ಪಾಗಿ ಕೆಲಸ ಮಾಡಿ, ಆ ನಿಯಮವನ್ನು ಬಳಸುತ್ತಿದ್ದ ವಿಂಡೋಸ್ ಕಂಪ್ಯೂಟರುಗಳ ಸ್ಟಾರ್ಟ್ ಮೆನುವಿನಿಂದ ಶಾರ್ಟ್‌ಕಟ್‌ಗಳು ಅಳಿಸಿಹೋದವು. ತಂತ್ರಾಂಶಗಳು ಅಳಿಯಲಿಲ್ಲ. ಕಂಪನಿ ಆಮೇಲೆ ಶಾರ್ಟ್‌ಕಟ್‌ಗಳನ್ನು ಮತ್ತೆ ಸೃಷ್ಟಿಸುವ ಸಾಧನವನ್ನು ಕೊಟ್ಟಿತು. ತರ್ಕದ ಲೆಕ್ಕದಲ್ಲಿ, ಅವು ಮರಳಿ ಬಂದವಲ್ಲ, ಹೊಸವು. ಹಳೆಯವುಗಳ ಪ್ರಧ್ವಂಸ ಹಾಗೆಯೇ ಉಳಿದಿದೆ.

ಇನ್ನು ವಾದದ ಇನ್ನೊಂದು ತುದಿಯ, ಕಾಣದ ದೇವರ ಪ್ರಶ್ನೆ. ಗೊಡಚಿಯ ಗರ್ಭಗುಡಿಯಲ್ಲಿ ಕಣ್ಣಿಗೆ ಕಾಣುವುದು ಮೂರ್ತಿ. ದೇವರು ಕಾಣಲಿಲ್ಲ, ಆದ್ದರಿಂದ ಇಲ್ಲ ಎಂಬುದು ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕನ ಮಾತು. 10ನೆಯ ಶತಮಾನದ ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ, ಎಂದರೆ ಅಧ್ಯಾಯದಲ್ಲಿ, ಇದಕ್ಕೆ ಉತ್ತರಿಸಿದ್ದಾನೆ. ಕಾಣದ್ದೆಲ್ಲ ಇಲ್ಲವಾದರೆ ಚಾರ್ವಾಕ ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಹೆಂಡತಿ ಮಕ್ಕಳನ್ನು ಕಳಕೊಂಡವನಂತೆ ಎದೆ ಬಡಿದುಕೊಂಡು ಅಳಬೇಕಾಗುತ್ತದೆ, ತಿರುಗಿ ಮನೆಗೆ ಬರುವುದೂ ಆಗುವುದಿಲ್ಲ. ಇಂದ್ರಿಯಕ್ಕೆ ಸಿಗುವ ಯೋಗ್ಯತೆಯೇ ಇಲ್ಲದ್ದನ್ನು ಇಂದ್ರಿಯಕ್ಕೆ ಸಿಗಲಿಲ್ಲವೆಂದು ತಳ್ಳಿಹಾಕಲು ಬರುವುದಿಲ್ಲ. ಉತ್ತರ ಗಟ್ಟಿಯಾದದ್ದು, ಆದರೆ ಅದರ ಬಲಕ್ಕೆ ಮಿತಿಯಿದೆ: ಅದು ‘ಇಲ್ಲ’ ಎಂಬುದನ್ನು ತಡೆಯುತ್ತದೆ, ‘ಇದೆ’ ಎಂಬುದನ್ನು ತಂದುಕೊಡುವುದಿಲ್ಲ. ಉದಯನನಿಗೂ ಅದು ಗೊತ್ತಿತ್ತು. ಈಶ್ವರನಿದ್ದಾನೆ ಎಂಬುದಕ್ಕೆ ಸಾಧಕವಾದ ಯುಕ್ತಿಗಳನ್ನು ಅವನು ಬೇರೆಯಾಗಿಯೇ, ಐದನೆಯ ಸ್ತಬಕದಲ್ಲಿ ಮಂಡಿಸಿದ.